ತ್ವೇರ್ ನಗರದ ಗೋಡೆಯಿಂದ ಕಳಚಿದ ಎರಡು ಫಲಕಗಳು

2020ರ ಮೇ 7ರಂದು ರಷ್ಯಾದ ತ್ವೇರ್ ನಗರದಲ್ಲಿ, ವೈದ್ಯಕೀಯ ವಿಶ್ವವಿದ್ಯಾಲಯದ ಕಟ್ಟಡದ ಹೊರಗೋಡೆಯಲ್ಲಿದ್ದ ಎರಡು ಸ್ಮಾರಕ ಫಲಕಗಳನ್ನು ಕಳಚಿ ತೆಗೆದರು. ಸ್ಟಾಲಿನ್ ಕಾಲದಲ್ಲಿ ಇದೇ ಕಟ್ಟಡದಲ್ಲಿ ರಹಸ್ಯ ಪೊಲೀಸ್ ಇಲಾಖೆಯಾದ ಎನ್‌ಕೆವಿಡಿಯ ಕಚೇರಿ ಮತ್ತು ಸೆರೆಮನೆ ಇದ್ದವು. ಅಲ್ಲಿ ಹಿಂಸೆಗೆ ಸಿಕ್ಕಿ ಸತ್ತವರೆಲ್ಲರನ್ನೂ ಒಂದು ಫಲಕ ನೆನೆಯುತ್ತಿತ್ತು. ಇನ್ನೊಂದು ಫಲಕ ಒಸ್ತಾಶ್ಕೊವ್ ಶಿಬಿರದಿಂದ ಇಲ್ಲಿಗೆ ತಂದು ಕೊಂದ ಪೋಲೆಂಡಿನ ಕೈದಿಗಳ ನೆನಪಿನದು. ಕೊಂದವರು ಎನ್‌ಕೆವಿಡಿಯವರು ಎಂದು ಅದರಲ್ಲಿ ನೇರವಾಗಿ ಬರೆದಿತ್ತು. 1990ರ ದಶಕದ ಆರಂಭದಿಂದ, ಸುಮಾರು ಮೂರು ದಶಕಗಳ ಕಾಲ, ಅವು ಅಲ್ಲಿದ್ದವು. ಫಲಕಗಳನ್ನು ಹಾಕುವಾಗಿನ ಅನುಮತಿಯಲ್ಲಿ ಲೋಪವಿದೆ, ಅವುಗಳ ಮೇಲಿನ ಮಾತಿಗೆ ದಾಖಲೆಯ ಆಧಾರವಿಲ್ಲ ಎಂದು ಸ್ಥಳೀಯ ಪ್ರಾಸಿಕ್ಯೂಟರ್ ಕಚೇರಿ ತಕರಾರು ಎತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ಒಕ್ಕೂಟ ಗೆದ್ದ 75ನೆಯ ವರ್ಷದ ವಿಜಯೋತ್ಸವಕ್ಕೆ ಎರಡು ದಿನ ಬಾಕಿ ಇರುವಾಗ ಗೋಡೆ ಬರಿದಾಯಿತು.

1940ರಲ್ಲಿ ಎನ್‌ಕೆವಿಡಿ ಪೋಲೆಂಡಿನ ಸಾವಿರಾರು ಕೈದಿಗಳನ್ನು ಕೊಂದ, ಕತೀನ್ ಹತ್ಯಾಕಾಂಡ ಎಂದು ಜಗತ್ತು ಕರೆಯುವ ಘಟನೆಯ ಸ್ಮರಣೆಯನ್ನು ಅರಿಯಲು ಈ ಸಣ್ಣ ಪ್ರಕರಣ ಸಾಕು ಎಂದು ನನಗೆ ಅನ್ನಿಸುತ್ತದೆ. ಕೊಲೆಯಾದವರ ನೆನಪಿಗೆ ನಿಲ್ಲಿಸಿದ ಕಲ್ಲು ಮೂರು ಸಂಗತಿಗಳನ್ನು ಹೇಳಬೇಕು: ಸತ್ತವರು ಯಾರು, ಯಾವಾಗ ಸತ್ತರು, ಕೊಂದವರು ಯಾರು. ಕತೀನ್ ವಿಷಯದಲ್ಲಿ ಅಧಿಕಾರಸ್ಥರು ಮೊದಲನೆಯದನ್ನು ಹಲವು ಸಲ ಬಿಟ್ಟುಕೊಟ್ಟಿದ್ದಾರೆ. ಹೂಗುಚ್ಛವಿಡಿ, ಮೌನ ಆಚರಿಸಿ ಎಂದಿದ್ದಾರೆ. ಎಂಬತ್ತು ವರ್ಷಗಳ ಜಗಳವೆಲ್ಲ ನಡೆದದ್ದು ಉಳಿದ ಎರಡರ ಮೇಲೆ. ಆ ಎರಡು ಇಲ್ಲದ ಸ್ಮಾರಕ ಕೊಲೆಗಾರನಿಗೆ ನೆರವಾಗುತ್ತದೆ. ಇದು ಕಟುವಾದ ಮಾತು ಎಂದು ನನಗೆ ಗೊತ್ತು. ಆದರೆ ತ್ವೇರ್‌ನ ಕಥೆಯನ್ನು ಮೊದಲಿನಿಂದ ಓದಿದವರಿಗೆ ಇದಕ್ಕಿಂತ ಮೃದುವಾದ ಮಾತು ಸಿಗಲಾರದು.

ಆ ಕಟ್ಟಡದಲ್ಲಿ ನಡೆದದ್ದು

1939ರ ಆಗಸ್ಟ್ 23ರಂದು ಹಿಟ್ಲರನ ಜರ್ಮನಿಯೂ ಸ್ಟಾಲಿನ್‌ನ ಸೋವಿಯತ್ ಒಕ್ಕೂಟವೂ ಒಪ್ಪಂದ ಮಾಡಿಕೊಂಡವು. ಅದರ ಗುಟ್ಟಿನ ಭಾಗದಲ್ಲಿ ಪೋಲೆಂಡನ್ನು ಹಂಚಿಕೊಳ್ಳುವ ಮಾತಿತ್ತು. ಸೆಪ್ಟೆಂಬರ್ 1ರಂದು ಪಶ್ಚಿಮದಿಂದ ಜರ್ಮನ್ ಸೇನೆ ನುಗ್ಗಿತು, 17ರಂದು ಪೂರ್ವದಿಂದ ಕೆಂಪು ಸೇನೆ. ಸೋವಿಯತ್ ಕೈಗೆ ಸಿಕ್ಕವರ ಪೈಕಿ ಅಧಿಕಾರಿಗಳನ್ನೂ ಪೊಲೀಸರನ್ನೂ ಬೇರ್ಪಡಿಸಿ ಮುಖ್ಯವಾಗಿ ಮೂರು ಶಿಬಿರಗಳಲ್ಲಿ ಇಟ್ಟರು. ಕೊಜೆಲ್ಸ್ಕ್ ಮತ್ತು ಸ್ತರೊಬೆಲ್ಸ್ಕ್ ಶಿಬಿರಗಳಲ್ಲಿ ಸೇನಾಧಿಕಾರಿಗಳಿದ್ದರು. ಅವರಲ್ಲಿ ಬಹಳಷ್ಟು ಮಂದಿ ಯುದ್ಧಕ್ಕಾಗಿ ಕರೆಸಿಕೊಂಡಿದ್ದ ಮೀಸಲು ಅಧಿಕಾರಿಗಳು. ವೃತ್ತಿಯಿಂದ ವೈದ್ಯರು, ವಕೀಲರು, ಎಂಜಿನಿಯರುಗಳು, ಶಿಕ್ಷಕರು. ಸೆಲಿಗರ್ ಸರೋವರದ ದ್ವೀಪವೊಂದರ ಹಳೆಯ ಮಠದಲ್ಲಿದ್ದ ಒಸ್ತಾಶ್ಕೊವ್ ಶಿಬಿರಕ್ಕೆ ಪೊಲೀಸರು, ಗಡಿ ಕಾವಲಿನವರು, ಸೆರೆಮನೆ ಸಿಬ್ಬಂದಿ ಹೋದರು.

ಒಸ್ತಾಶ್ಕೊವ್‌ನ ಕೈದಿಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕತೀನ್ ಎಂದೊಡನೆ ಜನರ ಕಣ್ಣಿಗೆ ಕಟ್ಟುವುದು ಉದ್ದನೆಯ ಬೂಟು ತೊಟ್ಟ ಸೇನಾಧಿಕಾರಿಯ ಚಿತ್ರ. ಆದರೆ ಮೂರು ಶಿಬಿರಗಳಲ್ಲಿ ಅತಿ ಹೆಚ್ಚು ಜನ ಸತ್ತದ್ದು ಒಸ್ತಾಶ್ಕೊವ್‌ನವರು, 6,311 ಮಂದಿ. ಅವರಲ್ಲಿ ಹೆಚ್ಚಿನವರು ಸಣ್ಣ ಊರುಗಳಲ್ಲಿ ಗಸ್ತು ತಿರುಗುತ್ತಿದ್ದ ಸಾಮಾನ್ಯ ಕಾನ್‌ಸ್ಟೆಬಲ್‌ಗಳು. ಅವರ ಹಿಂದೆ ಹೆಸರುವಾಸಿ ಮನೆತನಗಳಿರಲಿಲ್ಲ, ನೆನಪಿನ ಬರಹಗಳನ್ನು ಅಚ್ಚುಹಾಕಿಸುವ ಬಳಗವೂ ಇರಲಿಲ್ಲ. ಆದ್ದರಿಂದ ಅವರ ನೆನಪು ಅಧಿಕಾರಿಗಳ ನೆನಪಿಗಿಂತ ತೆಳುವಾಗಿ ಉಳಿಯಿತು. ತ್ವೇರ್‌ನ ಫಲಕ ನಿಂತಿದ್ದದ್ದು ಇವರಿಗಾಗಿ.

1940ರ ಮಾರ್ಚ್ 5ರಂದು ಸೋವಿಯತ್ ಕಮ್ಯುನಿಸ್ಟ್ ಪಕ್ಷದ ಅತ್ಯುನ್ನತ ಸಮಿತಿಯಾದ ಪಾಲಿಟ್‌ಬ್ಯೂರೊ ಒಂದು ತೀರ್ಮಾನ ಮಾಡಿತು. ಎನ್‌ಕೆವಿಡಿ ಮುಖ್ಯಸ್ಥ ಲವ್ರೆಂತಿ ಬೆರಿಯಾ ಬರೆದ ಪ್ರಸ್ತಾವನೆಯ ಮೇಲೆ ಸ್ಟಾಲಿನ್, ವೊರೊಶಿಲೊವ್, ಮೊಲೊತೊವ್, ಮಿಕೊಯಾನ್ ಸಹಿ ಹಾಕಿದರು. ಕಲಿನಿನ್ ಮತ್ತು ಕಗಾನೊವಿಚ್ ಒಪ್ಪಿದ್ದಾರೆಂದು ಅಂಚಿನಲ್ಲಿ ಗುರುತಿಸಲಾಯಿತು. ಶಿಬಿರಗಳಲ್ಲಿದ್ದ 14,700 ಮತ್ತು ಪಶ್ಚಿಮ ಉಕ್ರೇನ್, ಬೆಲಾರೂಸ್‌ನ ಸೆರೆಮನೆಗಳಲ್ಲಿದ್ದ 11,000 ಜನರನ್ನು ಗುಂಡಿಕ್ಕಿ ಕೊಲ್ಲಬೇಕು. ಅವರನ್ನು ಕರೆಸಬೇಕಿಲ್ಲ, ಆರೋಪಪಟ್ಟಿ ಕೊಡಬೇಕಿಲ್ಲ ಎಂಬುದು ಅದರ ಸಾರ. ಆರು ಮಂದಿಯ ಆಳ್ವಿಕೆ ಒಂದು ದೇಶದ ವಿದ್ಯಾವಂತರನ್ನೂ ಕಾವಲುಗಾರರನ್ನೂ ಹೀಗೆ ಅಳಿಸಲು ಹೊರಟಿತು.

ಕೊಜೆಲ್ಸ್ಕ್‌ನವರನ್ನು ಸ್ಮೊಲೆನ್ಸ್ಕ್ ಬಳಿಯ ಕತೀನ್ ಕಾಡಿಗೆ, ಸ್ತರೊಬೆಲ್ಸ್ಕ್‌ನವರನ್ನು ಖಾರ್ಕಿವ್‌ಗೆ, ಒಸ್ತಾಶ್ಕೊವ್‌ನವರನ್ನು ರೈಲಿನಲ್ಲಿ ಕಲಿನಿನ್‌ಗೆ ಸಾಗಿಸಿದರು. ಕಲಿನಿನ್ ಅಂದರೆ ಇಂದಿನ ತ್ವೇರ್. ಅಲ್ಲಿ ನಡೆದದ್ದು ನಮಗೆ ಗೊತ್ತಾಗಿರುವುದು ದ್ಮಿತ್ರಿ ತೊಕರೆವ್‌ನ ಹೇಳಿಕೆಯಿಂದ. 1940ರಲ್ಲಿ ಅವನು ಕಲಿನಿನ್ ಪ್ರಾಂತ್ಯದ ಎನ್‌ಕೆವಿಡಿ ಮುಖ್ಯಸ್ಥ. 1991ರ ಮಾರ್ಚ್‌ನಲ್ಲಿ, ತೊಂಬತ್ತರ ಹತ್ತಿರದ ವಯಸ್ಸಿನಲ್ಲಿ, ಸೋವಿಯತ್ ಮಿಲಿಟರಿ ಪ್ರಾಸಿಕ್ಯೂಟರ್ ಮುಂದೆ ಅವನು ವಿವರವಾಗಿ ಮಾತನಾಡಿದ. ಮಾಸ್ಕೋದಿಂದ ವಸಿಲಿ ಬ್ಲೋಖಿನ್ ಎಂಬ ವಧಾಧಿಕಾರಿ ಬಂದಿದ್ದ. ಒಂದು ಪೆಟ್ಟಿಗೆಯ ತುಂಬ ಜರ್ಮನಿಯ ವಾಲ್ಟರ್ ಪಿಸ್ತೂಲುಗಳನ್ನು ತಂದಿದ್ದ. ಚರ್ಮದ ಏಪ್ರನ್, ಟೊಪ್ಪಿ, ಮೊಣಕೈ ಮೀರುವ ಕೈಗವಸು ತೊಟ್ಟು ಅವನು ಕೆಲಸಕ್ಕೆ ಇಳಿದ. ಕೈದಿಗಳನ್ನು ಒಬ್ಬೊಬ್ಬರನ್ನಾಗಿ ಕರೆತಂದು ಹೆಸರು, ಹುಟ್ಟಿದ ವರ್ಷ ಕೇಳಿ ಖಚಿತಪಡಿಸಿಕೊಂಡು, ಸದ್ದು ಹೊರಬಾರದಂತೆ ಬಾಗಿಲಿಗೆ ದಪ್ಪ ಹೊದಿಕೆ ಹೊಡೆದಿದ್ದ ಪಕ್ಕದ ಕೋಣೆಗೆ ಒಯ್ದು, ತಲೆಯ ಹಿಂಭಾಗಕ್ಕೆ ಗುಂಡು ಹೊಡೆದರು. ಮೊದಲ ರಾತ್ರಿ 300ಕ್ಕೂ ಹೆಚ್ಚು ಮಂದಿ ಬಂದಾಗ ಬೆಳಗಾದರೂ ಕೆಲಸ ಮುಗಿಯಲಿಲ್ಲವಂತೆ. ಅದರ ನಂತರ ರಾತ್ರಿಗೆ 250ಕ್ಕಿಂತ ಹೆಚ್ಚು ಮಂದಿಯನ್ನು ತರಬೇಡಿ ಎಂದು ಹೇಳಿದರಂತೆ. ದೇಹಗಳನ್ನು ಟ್ರಕ್ಕುಗಳಲ್ಲಿ ಹೊತ್ತು, ಎನ್‌ಕೆವಿಡಿಯವರ ಬೇಸಿಗೆ ಮನೆಗಳಿದ್ದ ಮೆದ್ನೊಯೆ ಎಂಬ ಊರಿನ ಹತ್ತಿರ, ಯಂತ್ರದಿಂದ ತೋಡಿದ ಗುಂಡಿಗಳಿಗೆ ಹಾಕಿದರು.

ತೊಕರೆವ್ ಒಬ್ಬ ಹುಡುಗನನ್ನು ನೆನಪಿಟ್ಟುಕೊಂಡಿದ್ದ. ವಯಸ್ಸೆಷ್ಟು ಎಂದು ಕೇಳಿದಾಗ ಹದಿನೆಂಟು ಎಂದನಂತೆ. ಗಡಿ ಕಾವಲು ಪಡೆಯಲ್ಲಿ ಟೆಲಿಫೋನ್ ಕೆಲಸ ಮಾಡುತ್ತಿದ್ದನಂತೆ. ಹುಡುಗ ನಗುತ್ತಿದ್ದ ಎಂಬುದನ್ನೂ ಆ ಮುದುಕ ಐವತ್ತು ವರ್ಷಗಳ ನಂತರ ಹೇಳಿದ. ಫಲಕದ ಮಾತಿಗೆ ಆಧಾರವಿಲ್ಲ ಎಂದು 2020ರಲ್ಲಿ ಹೇಳಿದವರು ಈ ಹೇಳಿಕೆಯನ್ನು ಏನು ಮಾಡುತ್ತಾರೆ? ಅದು ಪೋಲೆಂಡಿನವರು ಕಟ್ಟಿದ ಮಾತಲ್ಲ. ಅದೇ ಕಟ್ಟಡವನ್ನು ಆಳಿದ ಅಧಿಕಾರಿ ತನ್ನದೇ ದೇಶದ ತನಿಖಾಧಿಕಾರಿಗೆ ಕೊಟ್ಟ ಸಾಕ್ಷ್ಯ ಅದು.

ಇನ್ನೊಂದು ಸಂಗತಿ. ಶಿಬಿರದ ಕೈದಿಗಳಿಗೆ ಮನೆಗೆ ಪತ್ರ ಬರೆಯಲು ಅವಕಾಶ ಕೊಟ್ಟಿದ್ದರು. ಅದರಿಂದ ಮನೆಯವರ ವಿಳಾಸಗಳು ಎನ್‌ಕೆವಿಡಿಗೆ ಸಿಕ್ಕವು. 1940ರ ಏಪ್ರಿಲ್ 13ರ ರಾತ್ರಿ ಆ ಹೆಂಡತಿ ಮಕ್ಕಳನ್ನು ಸರಕು ಸಾಗಣೆ ರೈಲುಗಳಿಗೆ ಹತ್ತಿಸಿ ಕಜಕಸ್ತಾನಕ್ಕೆ ಗಡೀಪಾರು ಮಾಡಿದರು. ಆ ಸಂದರ್ಭದ ಗಡೀಪಾರಿನಲ್ಲಿ ಸುಮಾರು 61,000 ಜನ ಸಿಕ್ಕಿಬಿದ್ದರು. ಗಂಡಂದಿರನ್ನು ಅದೇ ವಾರಗಳಲ್ಲಿ ಕೊಲ್ಲಲಾಗುತ್ತಿತ್ತು.

ವರ್ಷದ ಮೇಲಿನ ಯುದ್ಧ

1941ರಲ್ಲಿ ಹಿಟ್ಲರ್ ಸೋವಿಯತ್ ಒಕ್ಕೂಟದ ಮೇಲೆ ಎರಗಿದ. ಕತೀನ್ ಕಾಡು ಜರ್ಮನ್ನರ ಕೈಗೆ ಹೋಯಿತು. 1943ರ ಏಪ್ರಿಲ್ 13ರಂದು ಬರ್ಲಿನ್ ರೇಡಿಯೊ ಸಾಮೂಹಿಕ ಸಮಾಧಿಗಳ ಸುದ್ದಿ ಬಿತ್ತರಿಸಿತು. ನಾಜಿಗಳು ಸತ್ಯವನ್ನೇ ಹೇಳಿದ್ದರು, ಆದರೆ ಸತ್ಯದ ಮೇಲಿನ ಪ್ರೀತಿಯಿಂದಲ್ಲ. ಮಿತ್ರರಾಷ್ಟ್ರಗಳ ನಡುವೆ ಒಡಕು ಹುಟ್ಟಿಸುವುದು ಹಿಟ್ಲರನ ಪ್ರಚಾರ ಸಚಿವ ಗೊಬೆಲ್ಸ್‌ನ ಉದ್ದೇಶವಾಗಿತ್ತು. ಆರು ದಿನಗಳ ನಂತರ, ಏಪ್ರಿಲ್ 19ರಂದು, ಅದೇ ನಾಜಿಗಳು ವಾರ್ಸಾದ ಯಹೂದಿ ಕೇರಿಯಲ್ಲಿ ಉಳಿದವರನ್ನು ಮುಗಿಸಲು ಹೊರಟಾಗ ಅಲ್ಲಿ ದಂಗೆ ಎದ್ದಿತು. ಕತೀನ್ ಬಗ್ಗೆ ಬರೆಯುವಾಗ ಈ ಎರಡು ದಿನಾಂಕಗಳನ್ನು ಒಟ್ಟಿಗೆ ಇಡದೆ ಹೋದರೆ ನಾವು ಗೊಬೆಲ್ಸ್‌ನ ಪ್ರಚಾರವನ್ನೇ ಮುಂದುವರಿಸಿದಂತೆ ಆಗುತ್ತದೆ.

ಹೆಣಗಳ ಜೇಬಿನಲ್ಲಿ ಸಿಕ್ಕ ಪತ್ರ, ಪತ್ರಿಕೆ, ದಿನಚರಿಗಳೆಲ್ಲ 1940ರ ವಸಂತಕ್ಕೆ ನಿಂತುಹೋಗಿದ್ದವು. ಮೇಜರ್ ಆದಂ ಸೊಲ್ಸ್ಕಿಯ ದಿನಚರಿಯ ಕೊನೆಯ ಬರಹ ಆ ವರ್ಷದ ಏಪ್ರಿಲ್ 9ರದು. ಕಾಡಿನ ಒಂದು ಜಾಗಕ್ಕೆ ಕರೆತಂದರು, ಬೇಸಿಗೆ ಮನೆಯಂಥದು, ಮೈಯೆಲ್ಲ ತಡಕಿದರು, ಕೈಗಡಿಯಾರ ತೆಗೆದುಕೊಂಡರು, ಮದುವೆಯ ಉಂಗುರದ ಬಗ್ಗೆ ಕೇಳಿದರು ಎಂದು ಬರೆದಿದ್ದಾರೆ. ಅಲ್ಲಿಗೆ ಬರಹ ಮುಗಿಯುತ್ತದೆ.

ಲಂಡನ್‌ನಲ್ಲಿದ್ದ ಪೋಲೆಂಡಿನ ಗಡೀಪಾರು ಸರ್ಕಾರ ಅಂತರರಾಷ್ಟ್ರೀಯ ರೆಡ್ ಕ್ರಾಸ್ ತನಿಖೆ ಕೇಳಿತು. ಅದನ್ನೇ ನೆಪ ಮಾಡಿಕೊಂಡು ಸ್ಟಾಲಿನ್ ಏಪ್ರಿಲ್ 25ರಂದು ಆ ಸರ್ಕಾರದೊಡನೆ ಸಂಬಂಧ ಕಡಿದುಕೊಂಡ. ಪೋಲೆಂಡ್ ಸರ್ಕಾರದ ಬಳಿ ಬ್ರಿಟನ್ನಿನ ರಾಯಭಾರಿಯಾಗಿದ್ದ ಓವನ್ ಒಮ್ಯಾಲಿ, ಕೊಂದವರು ಸೋವಿಯತ್‌ನವರೇ ಎಂದು ತೋರುವ ವರದಿಯನ್ನು ತನ್ನ ಸರ್ಕಾರಕ್ಕೆ ಕೊಟ್ಟರು. ಅದನ್ನು ಓದಿದವರು ಓದಿ ಬದಿಗಿಟ್ಟರು. ಯುದ್ಧಕ್ಕೆ ಸ್ಟಾಲಿನ್ ಬೇಕಾಗಿದ್ದ.

ಸ್ಮೊಲೆನ್ಸ್ಕ್ ಮತ್ತೆ ಸೋವಿಯತ್ ವಶವಾದ ಮೇಲೆ, 1944ರ ಜನವರಿಯಲ್ಲಿ, ವೈದ್ಯ ನಿಕೊಲಾಯ್ ಬುರ್ದೆಂಕೊ ನೇತೃತ್ವದ ಆಯೋಗ ಕೊಲೆ ನಡೆದದ್ದು 1941ರ ಶರತ್ಕಾಲದಲ್ಲಿ, ಜರ್ಮನ್ನರಿಂದ ಎಂದು ತೀರ್ಪು ಕೊಟ್ಟಿತು. ವಿವಾದದ ತಿರುಳೆಲ್ಲ ಈ ಒಂದು ವರ್ಷದ ವ್ಯತ್ಯಾಸದಲ್ಲಿತ್ತು. 1940 ಎಂದರೆ ಸ್ಟಾಲಿನ್, 1941 ಎಂದರೆ ಹಿಟ್ಲರ್. ಯುದ್ಧದ ನಂತರ ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಸೋವಿಯತ್ ಪ್ರಾಸಿಕ್ಯೂಟರುಗಳು 11,000 ಪೋಲಿಷ್ ಅಧಿಕಾರಿಗಳ ಕೊಲೆಯನ್ನು ಜರ್ಮನ್ನರ ತಲೆಗೆ ಕಟ್ಟಲು ನೋಡಿದರು. ಸಾಕ್ಷ್ಯ ನಿಲ್ಲಲಿಲ್ಲ, 1946ರ ಅಂತಿಮ ತೀರ್ಪಿನಲ್ಲಿ ಕತೀನ್ ಹೆಸರೇ ಬರಲಿಲ್ಲ. ಆದರೆ ಯಾರನ್ನೂ ಮತ್ತೆ ಪ್ರಶ್ನಿಸಲೂ ಇಲ್ಲ. ಕಲಿನಿನ್ ಮತ್ತು ಖಾರ್ಕಿವ್‌ನ ಕೊಲೆಗಳ ಬಗ್ಗೆಯಂತೂ ಸುಳ್ಳು ಹೇಳುವ ಅಗತ್ಯವೂ ಸೋವಿಯತ್ ಸರ್ಕಾರಕ್ಕೆ ಬೀಳಲಿಲ್ಲ. ಆ ಗುಂಡಿಗಳು ಯಾರಿಗೂ ಸಿಕ್ಕಿರಲಿಲ್ಲ. ಒಸ್ತಾಶ್ಕೊವ್‌ನಿಂದ ಹೊರಟ ಆರು ಸಾವಿರ ಜನ ಎಲ್ಲಿ ಹೋದರೆಂದು ಅವರ ಮನೆಯವರಿಗೆ ಐವತ್ತು ವರ್ಷ ತಿಳಿಯಲಿಲ್ಲ.

ಯುದ್ಧಾನಂತರದ ಕಮ್ಯುನಿಸ್ಟ್ ಪೋಲೆಂಡಿನಲ್ಲಿ ಮನೆಯ ಸಮಾಧಿಕಲ್ಲಿನ ಮೇಲೆ 'ಕತೀನ್, 1940' ಎಂದು ಕೆತ್ತಿಸುವುದು ಅಪಾಯದ ಕೆಲಸವಾಗಿತ್ತು. ಇದನ್ನು ಅರಿಯಲು ದೋವ್ಬೊರ್ ಮುಶ್ನಿಟ್ಸ್ಕಿ ಮನೆತನದ ಇಬ್ಬರು ಅಕ್ಕತಂಗಿಯರ ಕಥೆಯೇ ಸಾಕು. ಅಕ್ಕ ಯಾನಿನಾ ಲೆವಂದೊವ್‌ಸ್ಕಾ ವಿಮಾನ ಚಾಲಕಿ. ಕತೀನ್ ಕಾಡಿನಲ್ಲಿ ಕೊಲೆಯಾದ ಒಬ್ಬಳೇ ಹೆಂಗಸು ಎಂದು ಗುರುತಿಸಲಾದವಳು. ತಂಗಿ ಅಗ್ನಿಯೆಶ್ಕಾಳನ್ನು ಅದೇ 1940ರ ಜೂನ್‌ನಲ್ಲಿ ವಾರ್ಸಾ ಬಳಿಯ ಪಲ್ಮಿರಿ ಕಾಡಿನಲ್ಲಿ ಜರ್ಮನ್ನರು ಗುಂಡಿಕ್ಕಿ ಕೊಂದರು. ಪಲ್ಮಿರಿಯಲ್ಲಿ ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಸರ್ಕಾರಿ ಸ್ಮಶಾನ ಎದ್ದಿತು. ತಂಗಿಯ ಸಾವನ್ನು ಪಠ್ಯಪುಸ್ತಕದಲ್ಲಿ ಓದಬಹುದಾಗಿತ್ತು, ಅಕ್ಕನ ಸಾವನ್ನು ಮನೆಯೊಳಗೆ ಮೆಲ್ಲಗೆ ಮಾತನಾಡಬೇಕಾಗಿತ್ತು. ಒಂದೇ ಮನೆಯ ದುಃಖವನ್ನು ಪ್ರಭುತ್ವ ಹೀಗೆ ಎರಡಾಗಿ ಸೀಳಿತು.

1976ರಲ್ಲಿ ಲಂಡನ್ನಿನ ಗನ್ನರ್ಸ್‌ಬರಿ ಸ್ಮಶಾನದಲ್ಲಿ ಪೋಲೆಂಡಿನ ವಲಸಿಗರು ಕತೀನ್ ಸ್ಮಾರಕ ನಿಲ್ಲಿಸಿದರು. ಕಲ್ಲಿನ ಮೇಲೆ 1940 ಎಂದಿತ್ತು. ಸೋವಿಯತ್ ಒಕ್ಕೂಟದ ಮುನಿಸು ಬೇಡವೆಂದು ಬ್ರಿಟನ್ ಸರ್ಕಾರ ಅನಾವರಣದಿಂದ ದೂರ ಉಳಿಯಿತು. 1981ರ ಜುಲೈ 31ರಂದು, ಸಾಲಿಡಾರಿಟಿ ಎಂಬ ಕಾರ್ಮಿಕ ಚಳವಳಿಯ ಉಬ್ಬರದಲ್ಲಿ, ವಾರ್ಸಾದ ಪೊವೊಂಜ್ಕಿ ಸ್ಮಶಾನದಲ್ಲಿ ಕಲ್ಲಿನ ಶಿಲುಬೆ ನಿಂತಿತು. ಅದರ ಮೇಲೂ ಅದೇ ವರ್ಷ. ಆ ರಾತ್ರಿಯೇ ಭದ್ರತಾ ಪೊಲೀಸರು ಅದನ್ನು ಎತ್ತಿಕೊಂಡು ಹೋದರು. ನಾಲ್ಕು ವರ್ಷಗಳ ನಂತರ ಸರ್ಕಾರ ತಾನೇ ಅಲ್ಲಿ ಒಂದು ಸ್ಮಾರಕ ಕಟ್ಟಿಸಿತು. ಕತೀನ್‌ನಲ್ಲಿ ಮಲಗಿರುವ, ಹಿಟ್ಲರ್‌ಶಾಹಿಗೆ ಬಲಿಯಾದ ಸೈನಿಕರಿಗೆ ಎಂದು ಅದರ ಮೇಲೆ ಬರೆಸಿತು. ಸತ್ತವರ ಹೆಸರಿನಲ್ಲಿ ಕಲ್ಲು ನೆಟ್ಟು, ಕೊಂದವನ ಹೆಸರನ್ನು ಬದಲಿಸಿದರು. ನನ್ನ ದೃಷ್ಟಿಯಲ್ಲಿ ಶಿಲುಬೆಯನ್ನು ಕದ್ದೊಯ್ದದ್ದಕ್ಕಿಂತ ಇದು ದೊಡ್ಡ ಅಪರಾಧ. ಬರಿದಾದ ಜಾಗವನ್ನು ನೋಡಿದವರು ಏನಾಯಿತೆಂದು ಕೇಳುತ್ತಾರೆ, ಸುಳ್ಳು ಬರೆದ ಕಲ್ಲನ್ನು ನೋಡಿದವರು ಉತ್ತರ ಸಿಕ್ಕಿತೆಂದು ಮನೆಗೆ ಹೋಗುತ್ತಾರೆ.

ಕಾಗದ ಬಾಯಿಬಿಟ್ಟಾಗ

ಸುಳ್ಳು ಕೊನೆಗೂ ಕುಸಿದದ್ದು ಸೋವಿಯತ್ ಕಡತಗಳಿಂದಲೇ. 1980ರ ದಶಕದ ಕೊನೆಯಲ್ಲಿ ರಷ್ಯಾದ ಇತಿಹಾಸಕಾರರಾದ ನತಾಲಿಯಾ ಲೆಬೆದೆವಾ, ವಲೆಂತಿನಾ ಪರ್ಸದಾನೊವಾ ಮತ್ತು ಯೂರಿ ಜೋರ್ಯಾ, ಕೈದಿಗಳನ್ನು ಸಾಗಿಸಿದ ಬೆಂಗಾವಲು ಪಡೆಯ ಕಾಗದಗಳನ್ನು ಹುಡುಕಿ ತೆಗೆದರು. ಕೊಲೆಯ ಆದೇಶವನ್ನು ಬಚ್ಚಿಟ್ಟವರು ಸಾಗಣೆಯ ಲೆಕ್ಕವನ್ನು ಬಚ್ಚಿಡಲು ಮರೆತಿದ್ದರು. ಯಾವ ದಿನ ಎಷ್ಟು ಜನರನ್ನು ಯಾವ ಶಿಬಿರದಿಂದ ಯಾವ ಊರಿಗೆ ಒಪ್ಪಿಸಲಾಯಿತು ಎಂಬುದು ಅಲ್ಲಿತ್ತು. ಯೂರಿ ಜೋರ್ಯಾ ಅವರ ತಂದೆ ನಿಕೊಲಾಯ್ ಜೋರ್ಯಾ ನ್ಯೂರೆಂಬರ್ಗ್‌ನಲ್ಲಿ ಸೋವಿಯತ್ ತಂಡದ ಪ್ರಾಸಿಕ್ಯೂಟರುಗಳಲ್ಲಿ ಒಬ್ಬರಾಗಿದ್ದು, 1946ರ ಮೇ ತಿಂಗಳಲ್ಲಿ ಅಲ್ಲಿಯೇ ನಿಗೂಢವಾಗಿ ಸತ್ತವರು. ಆ ಮಗ ಈ ಕಡತದ ಮುಂದೆ ಕುಳಿತದ್ದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

1990ರ ಏಪ್ರಿಲ್ 13ರಂದು ಸೋವಿಯತ್ ಸುದ್ದಿಸಂಸ್ಥೆ ತಾಸ್ ಹೊಣೆ ಒಪ್ಪಿಕೊಂಡ ಪ್ರಕಟಣೆ ಹೊರಡಿಸಿತು. ಸೋವಿಯತ್ ನಾಯಕ ಗೋರ್ಬಚೆವ್ ಪೋಲೆಂಡಿನ ಅಧ್ಯಕ್ಷ ಯಾರುಜೆಲ್ಸ್ಕಿಗೆ ಕೈದಿಗಳ ಪಟ್ಟಿ ಕೊಟ್ಟರು. 1991ರ ಆಗಸ್ಟ್‌ನಲ್ಲಿ ಮೆದ್ನೊಯೆಯಲ್ಲಿ ಅಗೆತ ಆರಂಭವಾಯಿತು. ಅದೇ ದಿನಗಳಲ್ಲಿ ಮಾಸ್ಕೋದಲ್ಲಿ ಗೋರ್ಬಚೆವ್ ವಿರುದ್ಧ ಕ್ಷಿಪ್ರಕ್ರಾಂತಿಯ ಯತ್ನ ನಡೆಯಿತು. ಕೆಲಸ ನಿಲ್ಲಿಸಿ ಎಂಬ ಒತ್ತಡ ಬಂದರೂ ಅಗೆತದ ಹೊಣೆ ಹೊತ್ತಿದ್ದ ಮಿಲಿಟರಿ ಪ್ರಾಸಿಕ್ಯೂಟರ್ ಅಲೆಕ್ಸಾಂದರ್ ತ್ರೆತೆತ್ಸ್ಕಿ ಮಣಿಯಲಿಲ್ಲ. ಪೋಲೆಂಡಿನ ಪೊಲೀಸ್ ಸಮವಸ್ತ್ರ, ಬಿಲ್ಲೆ, ಕಾಗದಗಳು ಮಣ್ಣಿನಿಂದ ಮೇಲೆ ಬಂದವು. 1992ರ ಅಕ್ಟೋಬರ್ 14ರಂದು ರಷ್ಯಾದ ಅಧ್ಯಕ್ಷ ಯೆಲ್ತ್ಸಿನ್ ಆದೇಶದಂತೆ ಪಾಲಿಟ್‌ಬ್ಯೂರೊದ ಮೂಲ ಕಡತದ ಪ್ರತಿ ಪೋಲೆಂಡಿನ ಅಧ್ಯಕ್ಷ ಲೆಕ್ ವಲೇಸಾ ಕೈ ಸೇರಿತು. ಅದರಲ್ಲಿ ಬೆರಿಯಾನ ಪ್ರಸ್ತಾವನೆಯ ಜೊತೆಗೆ, ಕೆಜಿಬಿ ಮುಖ್ಯಸ್ಥ ಶೆಲೆಪಿನ್ 1959ರಲ್ಲಿ ಕ್ರುಶ್ಚೇವ್‌ಗೆ ಬರೆದ ಟಿಪ್ಪಣಿಯೂ ಇತ್ತು. ಒಟ್ಟು ಕೊಲೆ 21,857. ಕತೀನ್‌ನಲ್ಲಿ 4,421, ಸ್ತರೊಬೆಲ್ಸ್ಕ್ ಶಿಬಿರದವರು 3,820, ಒಸ್ತಾಶ್ಕೊವ್‌ನವರು 6,311, ಸೆರೆಮನೆಗಳಲ್ಲಿದ್ದವರು 7,305 ಎಂದು ಅವನು ಲೆಕ್ಕ ಒಪ್ಪಿಸಿದ್ದ. ಪ್ರತಿಯೊಬ್ಬರ ಕಡತವನ್ನೂ ಸುಟ್ಟುಬಿಡೋಣ ಎಂದು ಸಲಹೆಯನ್ನೂ ಕೊಟ್ಟಿದ್ದ. ಮೂರು ಶಿಬಿರಗಳಿಂದ ಬದುಕುಳಿದವರು 395 ಮಂದಿ.

ತ್ವೇರ್‌ನ ಫಲಕಗಳು ಗೋಡೆಗೆ ಏರಿದ್ದು ಈ ಹೊತ್ತಿನಲ್ಲಿ. ಒಂದರ ಹಿಂದೆ ರಷ್ಯಾದ ನಾಗರಿಕ ಸಂಘಟನೆ ಮೆಮೊರಿಯಲ್, ಇನ್ನೊಂದರ ಹಿಂದೆ ಸತ್ತವರ ಮನೆಯವರು. ಅವು ಅಕ್ಕಪಕ್ಕ ಇದ್ದದ್ದು ನನಗೆ ಬಹಳ ಮುಖ್ಯವೆನಿಸುತ್ತದೆ. ಅದೇ ಕಟ್ಟಡದಲ್ಲಿ ಪೋಲೆಂಡಿನವರಿಗಿಂತ ಮೊದಲು ಸೋವಿಯತ್ ಪ್ರಜೆಗಳನ್ನೂ ಕೊಂದಿದ್ದರು. ಮೆದ್ನೊಯೆಯಲ್ಲಿಯೂ ಕತೀನ್‌ನಲ್ಲಿಯೂ ಸ್ಮಾರಕಗಳು ಸೋವಿಯತ್ ಸಂತ್ರಸ್ತರನ್ನು ಜೊತೆಗೇ ನೆನೆಯುತ್ತವೆ. ಇದು ರಷ್ಯಾ ವಿರುದ್ಧ ಪೋಲೆಂಡಿನ ವ್ಯಾಜ್ಯ ಎಂದು ಯಾರಾದರೂ ಹೇಳಿದರೆ, ಆ ಎರಡು ಫಲಕಗಳು ಇದ್ದ ಕಾಲದಲ್ಲಿ ಗೋಡೆಯೇ ಉತ್ತರ ಕೊಡುತ್ತಿತ್ತು.

2000ದಲ್ಲಿ ಮೂರೂ ಕಡೆ ಪೋಲೆಂಡಿನ ಯುದ್ಧ ಸ್ಮಶಾನಗಳು ತೆರೆದವು: ಜೂನ್‌ನಲ್ಲಿ ಖಾರ್ಕಿವ್, ಜುಲೈನಲ್ಲಿ ಕತೀನ್, ಸೆಪ್ಟೆಂಬರ್‌ನಲ್ಲಿ ಮೆದ್ನೊಯೆ. ಉಕ್ರೇನಿನ ಸೆರೆಮನೆಗಳಲ್ಲಿದ್ದು ಕೊಲೆಯಾದವರಿಗಾಗಿ ಕೀವ್ ಬಳಿಯ ಬಿಕಿವ್ನಿಯಾದ್ದು 2012ರಲ್ಲಿ.

ಬಾಗಿಲು ಮತ್ತೆ ಮುಚ್ಚಿದ್ದು

ರಷ್ಯಾದ ಮಿಲಿಟರಿ ಪ್ರಾಸಿಕ್ಯೂಟರ್ ಕಚೇರಿ 2004ರಲ್ಲಿ ತನಿಖೆ ಮುಗಿಸಿತು. 183 ಸಂಪುಟಗಳ ಪೈಕಿ 36ನ್ನು ಗುಟ್ಟಾಗಿಟ್ಟಿತು. ತನಿಖೆ ಕೈಬಿಟ್ಟ ಆದೇಶವೇ ಗುಟ್ಟು. ಮನೆಯವರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2013ರ ಅಕ್ಟೋಬರ್‌ನಲ್ಲಿ ಅದರ ಮಹಾಪೀಠ, ಕೊಲೆಗಳು ಮಾನವ ಹಕ್ಕುಗಳ ಒಡಂಬಡಿಕೆಗಿಂತ ಹತ್ತು ವರ್ಷ ಹಿಂದಿನವಾದ್ದರಿಂದ ತನಿಖೆಯ ಗುಣಮಟ್ಟವನ್ನು ತೂಗುವ ಅಧಿಕಾರ ತನಗಿಲ್ಲ ಎಂದಿತು. ಕಾಗದ ಕೊಡದೆ ನ್ಯಾಯಾಲಯಕ್ಕೆ ಅಸಹಕಾರ ತೋರಿದ್ದು ತಪ್ಪು ಎಂದಷ್ಟೇ ರಷ್ಯಾಕ್ಕೆ ಹೇಳಿತು. ಕಾನೂನಿನ ತರ್ಕ ಅರ್ಥವಾಗುತ್ತದೆ. ಆದರೆ ಎಪ್ಪತ್ತು ದಾಟಿದ ಮಕ್ಕಳು ಅಪ್ಪಂದಿರ ಬಗ್ಗೆ ಕೇಳಿದ ಪ್ರಶ್ನೆಗೆ ಅದು ಉತ್ತರವಾಗಲಿಲ್ಲ.

ನಡುವೆ 2010ರಲ್ಲಿ ಒಂದು ತೆರೆದ ಕ್ಷಣವಿತ್ತು. ಏಪ್ರಿಲ್ 7ರಂದು ಪುಟಿನ್ ಮತ್ತು ಪೋಲೆಂಡಿನ ಪ್ರಧಾನಿ ಡೊನಾಲ್ಡ್ ಟಸ್ಕ್ ಕತೀನ್‌ನಲ್ಲಿ ಜೊತೆಯಾಗಿ ನಿಂತರು. ಮೂರು ದಿನಗಳ ನಂತರ, 70ನೆಯ ವರ್ಷದ ಸ್ಮರಣೆಗೆ ಹೊರಟಿದ್ದ ಅಧ್ಯಕ್ಷ ಲೆಕ್ ಕಚಿನ್ಸ್ಕಿಯವರ ವಿಮಾನ ಸ್ಮೊಲೆನ್ಸ್ಕ್‌ನಲ್ಲಿ ನೆಲಕ್ಕಪ್ಪಳಿಸಿ 96 ಮಂದಿ ಸತ್ತರು. ಕತೀನ್ ಕುಟುಂಬಗಳ ಸಂಘಟನೆಯ ಮುಖ್ಯಸ್ಥರೂ ಅದರಲ್ಲಿದ್ದರು. ನವೆಂಬರ್ 26ರಂದು ರಷ್ಯಾದ ಸಂಸತ್ತಾದ ಡುಮಾ, ಕೊಲೆ ನಡೆದದ್ದು ಸ್ಟಾಲಿನ್ ಮತ್ತವನ ಜೊತೆಗಾರರ ನೇರ ಆದೇಶದಿಂದ ಎಂದು ಘೋಷಿಸಿತು. ಆ ಘೋಷಣೆಯನ್ನು ಇಂದಿಗೂ ಯಾರೂ ರದ್ದು ಮಾಡಿಲ್ಲ. ಹತ್ತು ವರ್ಷಗಳ ನಂತರ ಅದೇ ದೇಶದ ಒಂದು ಜಿಲ್ಲಾ ಮಟ್ಟದ ಕಚೇರಿಗೆ ಆಧಾರ ಸಾಲದಾಯಿತು.

ಈ ಪ್ರಕರಣ ಕಲಿಸುವ ಮುಖ್ಯ ಸಂಗತಿ ಇಲ್ಲಿದೆ. 1944ರಂತೆ ಈಗ ಯಾರೂ ಪೂರ್ತಿ ಸುಳ್ಳು ಕಥೆ ಕಟ್ಟಲಿಲ್ಲ. ಅಧಿಕೃತ ನಿಲುವನ್ನು ಹಿಂತೆಗೆದುಕೊಳ್ಳಲೂ ಇಲ್ಲ. ಅನುಮತಿ ಪತ್ರದ ಲೋಪ ಹುಡುಕಿದರು, ಈ ಕಟ್ಟಡದಲ್ಲಿಯೇ ಎಂಬುದಕ್ಕೆ ಪುರಾವೆ ಎಲ್ಲಿ ಎಂದರು, ಮೆದ್ನೊಯೆಯಲ್ಲಿ ಮಲಗಿರುವವರು ಯುದ್ಧದಲ್ಲಿ ಸತ್ತ ಕೆಂಪು ಸೈನಿಕರಿರಬಹುದು ಎಂಬ ಮಾತು ತೇಲಿಬಿಟ್ಟರು. ಸಿಕ್ಕ ಗುಂಡುಗಳು ಜರ್ಮನಿಯವು ಎಂಬ ಹಳೆಯ ವಾದವೂ ತಿರುಗಿ ಬಂದಿತು. ಬ್ಲೋಖಿನ್‌ನ ಪೆಟ್ಟಿಗೆಯಲ್ಲಿ ಯಾವ ದೇಶದ ಪಿಸ್ತೂಲುಗಳಿದ್ದವೆಂದು ತೊಕರೆವ್ ಹೇಳಿ ಆಗಲೇ ಮೂವತ್ತು ವರ್ಷಗಳಾಗಿದ್ದವು. ನಿರಾಕರಣೆ ಈಗ ಅನುಮಾನದ ವೇಷದಲ್ಲಿ ಬರುತ್ತದೆ. ಅದನ್ನು ಎದುರಿಸಲು ಘೋಷಣೆ ಸಾಲದು, ಒಂದೊಂದು ಹೆಸರಿನ ಹಿಂದೆಯೂ ಕಾಗದ ಬೇಕು. ಮೆಮೊರಿಯಲ್‌ನ ಸಂಶೋಧಕರು 2019ರಲ್ಲಿ ಮಾಡಿದ್ದು ಅದನ್ನೇ: ಕಲಿನಿನ್‌ನಲ್ಲಿ ಕೊಲೆಯಾಗಿ ಮೆದ್ನೊಯೆಯಲ್ಲಿ ಹೂಳಲಾದ ಆರು ಸಾವಿರಕ್ಕೂ ಹೆಚ್ಚು ಜನರ ಹೆಸರು ಮತ್ತು ಬದುಕಿನ ವಿವರಗಳನ್ನು ರಷ್ಯನ್ ಭಾಷೆಯಲ್ಲಿ ಪ್ರಕಟಿಸಿದರು. ಆ ಕಾನ್‌ಸ್ಟೆಬಲ್‌ಗಳಿಗೆ ಸಿಕ್ಕ ಅತ್ಯುತ್ತಮ ಸ್ಮಾರಕ ಇದೇ ಎಂದು ನಾನು ನಂಬುತ್ತೇನೆ, ಅದನ್ನು ಕಟ್ಟಿದವರು ರಷ್ಯಾದವರು ಎಂಬುದನ್ನೂ ಮರೆಯಬಾರದು. 2021ರ ಡಿಸೆಂಬರ್ 28ರಂದು ರಷ್ಯಾದ ಸುಪ್ರೀಂ ಕೋರ್ಟ್ ಮೆಮೊರಿಯಲ್ ಸಂಘಟನೆಯನ್ನೇ ಮುಚ್ಚಲು ಆದೇಶಿಸಿತು. ಮರುವರ್ಷ ಅದು ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡಿತು.

ಉಕ್ರೇನ್ ಮೇಲಿನ ಯುದ್ಧ ಆರಂಭವಾದ ಮೇಲೆ ಉಳಿದ ತಡೆಗಳೂ ಹೋದವು. 2022ರ ಮಾರ್ಚ್‌ನಲ್ಲಿ ಖಾರ್ಕಿವ್ ಮೇಲಿನ ದಾಳಿಯಲ್ಲಿ ಅಲ್ಲಿನ ಸ್ಮಶಾನಕ್ಕೂ ಹಾನಿಯಾಯಿತು. ಆ ಜೂನ್‌ನಲ್ಲಿ ಕತೀನ್ ಸ್ಮಾರಕದಿಂದ ಪೋಲೆಂಡಿನ ಬಾವುಟವನ್ನು ಇಳಿಸಿದರು. 2025ರಲ್ಲಿ ಮೆದ್ನೊಯೆ ಸ್ಮಶಾನದಿಂದ ಪೋಲೆಂಡಿನ ಸೇನಾ ಪದಕಗಳ ಉಬ್ಬುಶಿಲ್ಪಗಳನ್ನು ತೆಗೆದರು.

ಪೋಲೆಂಡ್ ನೆನೆಯುವ ಬಗೆ

2007ರಲ್ಲಿ ಪೋಲೆಂಡಿನ ಸಂಸತ್ತು ಏಪ್ರಿಲ್ 13ನ್ನು ಕತೀನ್ ಸಂತ್ರಸ್ತರ ಸ್ಮರಣೆಯ ದಿನ ಎಂದು ಗೊತ್ತುಮಾಡಿತು. ಆ ವರ್ಷದ ನವೆಂಬರ್‌ನಲ್ಲಿ ವಾರ್ಸಾದ ಪಿಲ್ಸುದ್ಸ್ಕಿ ಚೌಕದಲ್ಲಿ ಸತ್ತವರಿಗೆ ಮರಣೋತ್ತರ ಬಡ್ತಿ ಕೊಟ್ಟು, ಎರಡು ದಿನ ಹಗಲೂ ಇರುಳೂ ಹೆಸರುಗಳನ್ನು ಗಟ್ಟಿಯಾಗಿ ಓದಿದರು. ಶಾಲೆ, ಊರುಗಳಲ್ಲಿ ಒಬ್ಬೊಬ್ಬರ ಹೆಸರಿನಲ್ಲಿ ಓಕ್ ಸಸಿ ನೆಡುವ ಕೆಲಸ 2008ರಿಂದ ನಡೆದಿದೆ. ಮಕ್ಕಳು ತಮ್ಮ ಊರಿನಿಂದ ಹೋದ ಒಬ್ಬ ಪೊಲೀಸನ ಅಥವಾ ಶಿಕ್ಷಕನ ಬದುಕನ್ನು ಹುಡುಕಿ ಬರೆಯುತ್ತಾರೆ. ಸಮಾಧಿಗಳಲ್ಲಿ ಸಿಕ್ಕ ಸಮವಸ್ತ್ರದ ಗುಂಡಿ ಈ ಸ್ಮರಣೆಯ ಗುರುತಾಗಿದೆ. ವಾರ್ಸಾ ಕೋಟೆಯ ಕತೀನ್ ವಸ್ತುಸಂಗ್ರಹಾಲಯದಲ್ಲಿ ಅಂಥ ಗುಂಡಿಗಳ ಜೊತೆ ಬಾಚಣಿಗೆ, ಕನ್ನಡಕ, ಕೈದಿಗಳು ಕೆತ್ತಿದ ಮರದ ಪೆಟ್ಟಿಗೆಗಳಿವೆ.

ಇವುಗಳಲ್ಲಿ ಹೆಸರು ಹೆಸರಾಗಿ ನೆನೆಯುವ ಕೆಲಸಗಳು ನನಗೆ ಒಪ್ಪಿಗೆಯಾಗುತ್ತವೆ. 2010ರ ವಿಮಾನ ದುರಂತದ ನಂತರ ಪೋಲೆಂಡಿನ ರಾಜಕಾರಣ ಎರಡು ಸಾವುಗಳನ್ನೂ ಒಂದಕ್ಕೊಂದು ಹೊಲಿದು, ಪಕ್ಷಗಳ ಜಗಳಕ್ಕೆ ಎಳೆದದ್ದು ಒಪ್ಪಿಗೆಯಾಗುವುದಿಲ್ಲ. ವಿಮಾನ ಅಪಘಾತದ ಕಾರಣಗಳ ಬಗ್ಗೆ ಗಾಳಿಮಾತು ಹರಡಿದಷ್ಟೂ, ಕಾಗದದ ಬಲದಿಂದ ನಿಂತಿರುವ ಕತೀನ್ ಸತ್ಯವನ್ನೂ ಮತ್ತೊಂದು ವಾದ ಎಂದು ತಳ್ಳಿಹಾಕಲು ಎದುರಾಳಿಗಳಿಗೆ ಅನುಕೂಲವಾಗುತ್ತದೆ.

ಕನ್ನಡ ನಾಡಿಗೆ ಈ ಇತಿಹಾಸದ ಒಂದು ಎಳೆ ತೀರ ಹತ್ತಿರ ಹಾದುಹೋಗಿದೆ. ಸೋವಿಯತ್ ನೆಲಕ್ಕೆ ಗಡೀಪಾರಾದ ಪೋಲೆಂಡಿನವರ ಪೈಕಿ ಕೆಲವರು, 1941ರಲ್ಲಿ ಪೋಲೆಂಡಿನ ಗಡೀಪಾರು ಸರ್ಕಾರವೂ ಸೋವಿಯತ್ ಒಕ್ಕೂಟವೂ ಮಾಡಿಕೊಂಡ ಒಪ್ಪಂದದಿಂದ ಬಿಡುಗಡೆಯಾಗಿ ಇರಾನ್ ದಾರಿಯಲ್ಲಿ ಭಾರತಕ್ಕೆ ಬಂದರು. ಜಾಮ್‌ನಗರದ ಮಹಾರಾಜ ದಿಗ್ವಿಜಯ ಸಿಂಹ ಬಾಲಾಚಡಿಯಲ್ಲಿ ನೂರಾರು ಮಕ್ಕಳಿಗೆ ಆಶ್ರಯ ಕೊಟ್ಟರು. ನಿಪ್ಪಾಣಿಯಿಂದ ಹೆಚ್ಚು ದೂರವಿಲ್ಲದ, ಕೊಲ್ಹಾಪುರದ ಪಕ್ಕದ ವಳಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು 5,000 ಪೋಲೆಂಡಿನವರು ಬಾಳಿದರು. ಅವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಗಂಡಸರು ಏಕೆ ಕಡಿಮೆ ಎಂಬುದಕ್ಕೆ ಯುದ್ಧಭೂಮಿ ಒಂದು ಉತ್ತರ, ಕತೀನ್ ಮತ್ತೊಂದು. 2024ರ ಆಗಸ್ಟ್‌ನಲ್ಲಿ ವಾರ್ಸಾಗೆ ಹೋದ ಪ್ರಧಾನಿ ನರೇಂದ್ರ ಮೋದಿ ಜಾಮ್ ಸಾಹೇಬರ ಮತ್ತು ಕೊಲ್ಹಾಪುರದ ಸ್ಮಾರಕಗಳಿಗೆ ಹೂವಿಟ್ಟಾಗ ನಮ್ಮ ಪತ್ರಿಕೆಗಳು ಆಶ್ರಯ ಕೊಟ್ಟ ಕಥೆಯನ್ನು ಹೆಮ್ಮೆಯಿಂದ ಬರೆದವು. ಅವರು ನಿರಾಶ್ರಿತರಾದದ್ದು ಹೇಗೆ ಎಂಬ ಭಾಗಕ್ಕೂ ಅಷ್ಟೇ ಜಾಗ ಸಿಗಬೇಕಾಗಿತ್ತು.

ಮುಚ್ಚದ ಕಡತ

ಶೆಲೆಪಿನ್ ಲೆಕ್ಕದಲ್ಲಿ ಸೆರೆಮನೆಗಳಲ್ಲಿ ಕೊಲೆಯಾದ 7,305 ಜನರಿದ್ದಾರಲ್ಲ, ಅವರಲ್ಲಿ 3,435 ಮಂದಿಯ ಹೆಸರಿರುವ ಪಟ್ಟಿಯನ್ನು ಉಕ್ರೇನ್ 1994ರಲ್ಲಿ ಪೋಲೆಂಡಿಗೆ ಕೊಟ್ಟಿತು. ಬಿಕಿವ್ನಿಯಾದ ಸ್ಮಶಾನ ಆ ಪಟ್ಟಿಯಿಂದ ಸಾಧ್ಯವಾಯಿತು. ಉಳಿದ 3,870 ಮಂದಿ ಬೆಲಾರೂಸ್‌ನ ಸೆರೆಮನೆಗಳಲ್ಲಿದ್ದವರು. ಅವರ ಪಟ್ಟಿ ಹೊರಬಂದಿಲ್ಲ. ಮಿನ್ಸ್ಕ್ ಅಂಚಿನ ಕುರೊಪಾತಿ ಕಾಡಿನಲ್ಲಿ ಅವರಲ್ಲಿ ಹಲವರು ಹೂತಿರಬಹುದೆಂದು ಇತಿಹಾಸಕಾರರು ಊಹಿಸುತ್ತಾರೆ. ಆದರೆ ಹೆಸರೂ ಇಲ್ಲದೆ ಜಾಗವೂ ಖಚಿತವಾಗದೆ ಇರುವುದರಿಂದ ಆ ಮನೆಗಳಿಗೆ ಸ್ಮಶಾನವಿಲ್ಲ, ತ್ವೇರ್‌ನಲ್ಲಿದ್ದಂಥ ಫಲಕವೂ ಇಲ್ಲ. ಬೆಂಗಾವಲು ಪಡೆಯ ಲೆಕ್ಕದ ಪುಸ್ತಕಗಳು 1989ರಲ್ಲಿ ಒಸ್ತಾಶ್ಕೊವ್‌ನವರ ದಾರಿಯನ್ನು ತೋರಿಸಿಕೊಟ್ಟಂತೆ, ಮಾಸ್ಕೋ ಗುಟ್ಟಾಗಿಟ್ಟಿರುವ 36 ಸಂಪುಟಗಳಲ್ಲೋ ಮಿನ್ಸ್ಕ್‌ನ ಕಪಾಟುಗಳಲ್ಲೋ ಇವರ ಲೆಕ್ಕವೂ ಇರಬಹುದು. ಅವನ್ನು ತೆರೆಯಿರಿ ಎಂದು ಸತ್ತವರ ಮೊಮ್ಮಕ್ಕಳು ಈಗಲೂ ಕೇಳುತ್ತಿದ್ದಾರೆ.